ಗಾಳಿಯಮ್ಮನ ಬಟ್ಟಲು

ಗಾಳಿಯಮ್ಮನಿಗೆ ಕೈಗಳಿಲ್ಲವಂತೆ. ಇರುವುದು ಒಂದು ಉದ್ದನೆಯ ಸೆರಗು ಮಾತ್ರ. ಹೊತ್ತು ಏರುವಾಗ ಅವಳು ಊರಿನ ಅಡಿಗೆಮನೆಗಳ ಮೇಲೆಲ್ಲ ಆ ಸೆರಗನ್ನು ಎಳೆದುಕೊಂಡು ಹೋಗುತ್ತಾಳೆ. ಕುದಿಯುವ ಸಾರಿನ ವಾಸನೆ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಎಲ್ಲಿ ಯಾರು ಹಸಿದು ಕೂತಿದ್ದಾರೋ ಅಲ್ಲಿ ಹೋಗಿ ಕೊಡವುತ್ತಾಳೆ. ಅವರು ಎದ್ದು, ವಾಸನೆ ಬಂದ ದಾರಿ ಹಿಡಿದು ಬರುತ್ತಾರೆ. ಹಾಗೆ ಬಂದವರು ಯಾರಾದರೂ ಸರಿ, ಅವರೇ ಗಾಳಿಯಮ್ಮನ ಕೈಗಳು. ಅದಕ್ಕೇ ಮೊದಲ ಸೌಟು ಅವಳ ಪಾಲು.

ನನ್ನ ಅಜ್ಜಿ ಹೊಂಬಾಳಮ್ಮ ಈ ಕಥೆ ಹೇಳಿ ಸುಮ್ಮನಾಗುತ್ತಿರಲಿಲ್ಲ, ನಡೆಸುತ್ತಿದ್ದಳು. ಸಾರು ಇಳಿಸಿದ ಕೂಡಲೇ ಮೊದಲ ಸೌಟನ್ನು ಒಂದು ಹಿತ್ತಾಳೆ ಬಟ್ಟಲಿಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಜಗಲಿಯ ಮೂಲೆಯಲ್ಲಿ ಇಡುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಆ ಬಟ್ಟಲು ಊಟದ ಹೊತ್ತಿನವರೆಗೂ ತುಂಬಿಕೊಂಡೇ ಕೂತಿದ್ದನ್ನು ನೋಡಿದ ನೆನಪಿಲ್ಲ. ಯಾರಾದರೂ ಬರುತ್ತಿದ್ದರು. ಬಂದವರು ಬಟ್ಟಲನ್ನು ಬರಿದಾಗಿ ವಾಪಸು ಮಾಡುತ್ತಲೂ ಇರಲಿಲ್ಲ. ಒಂದು ಹಿಡಿ ಕಡಲೆಕಾಯಿಯೋ ಎರಡು ನಿಂಬೆಹಣ್ಣೋ ಅದರಲ್ಲಿ ಕೂತು ಬರುತ್ತಿತ್ತು.

ನಮ್ಮ ಬಡಾವಣೆಯ ಹೆಸರು ಕೆಂಬಾರೆ, ರಾಮನಗರದ ಹೊರಗೆ. ಅಜ್ಜಿ ಸೊಸೆಯಾಗಿ ಬಂದಾಗ ಅದು ಬಡಾವಣೆಯೇ ಆಗಿರಲಿಲ್ಲ. ಕೆಂಪು ಮಣ್ಣಿನ ಬಾರೆಯ, ಅಂದರೆ ದಿಣ್ಣೆಯ ಮೇಲೆ ರೇಷ್ಮೆ ನೂಲು ಬಿಚ್ಚುವವರ ಶೀಟಿನ ಮನೆಗಳು, ಬಟ್ಟೆ ಸೋಪನ್ನು ದಾರದಲ್ಲಿ ತುಂಡು ಮಾಡಿ ಮಾರುವ ಒಂದು ಅಂಗಡಿ, ಅಷ್ಟೇ. ದಿನವಿಡೀ ಬಿಸಿನೀರಲ್ಲಿ ಗೂಡು ಬೇಯುತ್ತಿತ್ತು. ಆ ಬೇಯುವ ಹುಳುವಿನ ವಾಸನೆ, ಸ್ವಲ್ಪ ಒಣಮೀನಿನಂತೆ, ಸ್ವಲ್ಪ ಹಳಸಿದ ಎಣ್ಣೆಯಂತೆ, ಹೆಂಗಸರ ಜಡೆಗೆ, ಮಕ್ಕಳ ಪಾಟಿಚೀಲಕ್ಕೆ, ಮದುವೆಯ ಸೀರೆಗೂ ಅಂಟಿಕೊಂಡಿರುತ್ತಿತ್ತು. ಬಸ್ಸಿನಲ್ಲಿ ಕೆಂಬಾರೆಯವರ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ‘ನಿಂತ್ಕೊಂಡೇ ಹೋಯ್ತಿದ್ರು ಕಣೆ ಜನ, ನಮ್ ಪಕ್ಕ ಕೂರ್ತಿರ್ನಿಲ್ಲ’ ಎಂದು ಅಜ್ಜಿ ಹೇಳುವಾಗ ಅವಳ ದನಿಯಲ್ಲಿ ಈಗಲೂ ಏನೋ ಮುದುರಿಕೊಳ್ಳುತ್ತದೆ.

ಹಾಗಾಗಿ, ವಾಸನೆಯನ್ನು ಅಳಿಸುವ ಯಂತ್ರ ಬಂದಿದೆ, ಪ್ರಯೋಗಕ್ಕೆ ಒಂದು ಜಾಗ ಬೇಕಂತೆ ಎಂಬ ಸುದ್ದಿ ಸಿಕ್ಕಾಗ ಅಜ್ಜಿಯೂ ಪಕ್ಕದ ಮನೆಯ ಮುಮ್ತಾಜ್ ಬೀಯೂ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ನಗರಸಭೆ ಆಫೀಸಿನ ಮೆಟ್ಟಿಲ ಮೇಲೆ ಕೂತರು. ಕಂಬ ಕೆಂಬಾರೆಗೇ ಬಂತು. ಕಾಗದದಲ್ಲಿ ಅದು ಘ್ರಾಣಸ್ತಂಭ. ನಮ್ಮ ಬಾಯಲ್ಲಿ ಮೂಗುಕಂಬ. ನಿಲ್ಲಿಸಿದ ದಿನ ಅಜ್ಜಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಅಂದಿನಿಂದ ಪ್ರತಿ ಶುಕ್ರವಾರ ಅದರ ಬುಡಕ್ಕೆ ಒಂದು ಕೆಂಪು ದಾಸವಾಳ ತಪ್ಪಿಲ್ಲ.

ಕಂಬ ಹೇಗೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತೇನೆ: ನಮ್ಮ ಮೂಗಿನೊಳಗೆ ಸಣ್ಣ ಸಣ್ಣ ಬೀಗಗಳಿವೆ. ಗಾಳಿಯಲ್ಲಿ ಬರುವ ವಾಸನೆಯ ಅಣುಗಳೇ ಅವುಗಳ ಕೀಲಿ. ಕಂಬದ ತುದಿಯಲ್ಲಿ ಒದ್ದೆಯಾದ ತೆಳುಪೊರೆಗಳಿವೆ. ಯಾವ ಕೀಲಿಗಳು ಬರುತ್ತಿವೆ ಎಂದು ಅವು ಗುರುತಿಸುತ್ತವೆ. ಬೇಡದ ಕೀಲಿ ಬಂತೆಂದರೆ ಕಂಬ ಕಣ್ಣಿಗೆ ಕಾಣದ ಮಂಜೊಂದನ್ನು ಬಿಟ್ಟು, ಆ ಬೀಗದ ತೂತಿಗೆ ಮೇಣ ಮೆತ್ತಿದಂತೆ ಮುಚ್ಚಿಬಿಡುತ್ತದೆ. ವಾಸನೆ ಗಾಳಿಯಲ್ಲಿ ಇದ್ದೇ ಇರುತ್ತದೆ. ಮೂಗಿಗೆ ತಿಳಿಯುವುದಿಲ್ಲ, ಅಷ್ಟೇ. ಮಂಜಿಲ್ಲದ ಕಡೆ ಸ್ವಲ್ಪ ಹೊತ್ತು ಇದ್ದರೆ ಆ ಮೇಣ ತಾನೇ ಕರಗುತ್ತದೆ.

ಈಗ ನಾನು ಕೆಲಸ ಮಾಡುವುದೂ ಅಲ್ಲೇ, ಆ ಕಂಬಗಳನ್ನು ನೋಡಿಕೊಳ್ಳುವ ಗಾಳಿಕೇಂದ್ರದಲ್ಲಿ. ಹಳೆಯ ನೂಲಿನ ಫ್ಯಾಕ್ಟರಿಯ ಕಟ್ಟಡವೇ ಗಾಳಿಕೇಂದ್ರ. ಅಜ್ಜಿ ಬಿಸಿನೀರಲ್ಲಿ ಬೆರಳಾಡಿಸುತ್ತಿದ್ದ ತೊಟ್ಟಿಗಳಿದ್ದ ಜಾಗದಲ್ಲಿ ನಮ್ಮ ಪರದೆಗಳಿವೆ. ಕೆಲವೊಮ್ಮೆ ಕೆಲಸದ ನಡುವೆ ಸುಮ್ಮನೆ ಕಣ್ಣು ಮುಚ್ಚಿಕೊಂಡು, ಇಲ್ಲೇ ಎಲ್ಲೋ ಅವಳು ಕೂತಿದ್ದಳಲ್ಲ ಎಂದುಕೊಳ್ಳುತ್ತೇನೆ.

ಕೆಂಬಾರೆ ಬದಲಾದದ್ದು ನನ್ನ ಕಣ್ಣೆದುರೇ. ವಾಸನೆ ಹೋದ ಮೇಲೆ ಮೇಷ್ಟರುಗಳು, ಬ್ಯಾಂಕಿನವರು ಸೈಟು ಕೊಂಡರು. ವೇಗದ ರೈಲಿನ ನಿಲ್ದಾಣ ಬಂದ ಮೇಲೆ ಮುಗಿಲೆತ್ತರದ ಟವರ್‌ಗಳು ಎದ್ದವು. ಸೋಪು ತುಂಡು ಮಾಡುತ್ತಿದ್ದ ಅಂಗಡಿಯಲ್ಲಿ ಈಗ ಬ್ರೆಡ್ಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಒಡವೆ ತೋರಿಸಿದ ಹಾಗೆ ತೋರಿಸಿ ಮಾರುತ್ತಾರೆ. ನೂಲಿನವರು ಒಬ್ಬೊಬ್ಬರಾಗಿ ಮನೆ ಮಾರಿ ಹೆದ್ದಾರಿಯ ಆಚೆಗೆ ಹೋದರು. ಮುಮ್ತಾಜ್ ಬೀಯೂ ಹೋದಳು. ಹೋಗುವ ದಿನ ಇಬ್ಬರೂ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ಹಾಗೆಂದು ನಾನು ಯಾರನ್ನು ದೂರಲಿ? ತಿಂಗಳ ಸಂಬಳ, ಗಾಜಿನ ಕೋಣೆಯ ಕೆಲಸ, ಕಾಲಿಗೆ ಶೂ. ನಮ್ಮ ಮನೆಯಲ್ಲಿ ಆ ಬದಲಾವಣೆ ಎಂದರೆ ನಾನೇ.

ಬಟ್ಟಲು ತುಂಬಿಕೊಂಡೇ ಉಳಿಯತೊಡಗಿದ್ದು ಯಾವಾಗಿನಿಂದ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಮೊದಮೊದಲು ಅಜ್ಜಿ, ‘ಎಲ್ರೂ ಕೆಲ್ಸಕ್ಕೋಗೌರೆ’ ಎನ್ನುತ್ತಿದ್ದಳು. ಆಮೇಲೆ ಸಾರಿಗೆ ಬೆಳ್ಳುಳ್ಳಿ ಹೆಚ್ಚಾಯಿತು, ಮೆಣಸು ಹೆಚ್ಚಾಯಿತು. ಆದರೂ ಸಪ್ಪೆ. ನನಗೂ ಸಪ್ಪೆಯೇ ಅನಿಸುತ್ತಿತ್ತು. ಅಜ್ಜಿಗೆ ವಯಸ್ಸಾಯಿತಲ್ಲ ಅಂದುಕೊಂಡು ಉಂಡು ಏಳುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಅವಳು ನನ್ನ ಕೈಗೆ ಊಟದ ಡಬ್ಬಿ ಕೊಟ್ಟಳು. ನಾನು ಯಾವತ್ತೂ ಕ್ಯಾಂಟೀನಿನಲ್ಲೇ ತಿನ್ನುವವಳು.

‘ಹುರುಳಿ ಬಸ್ಸಾರು. ಇದೇ ಕಡೇದು, ತಕೊಂಡೋಗು.’

‘ಕಡೇದು ಅಂದ್ರೆ?’

ಅವಳು ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದಳು. ವರ್ಷಗಟ್ಟಲೆ ಬಿಸಿನೀರಲ್ಲಿ ಬೆಂದು ಬೆರಳ ತುದಿಗಳು ಬಿಳಿಚಿ ಸುಕ್ಕಾಗಿವೆ. ‘ಕೈ ಸತ್ತೋಯ್ತು ಕಣೆ ದನು. ನಂಗೇ ವಾಸ್ನೆ ಬರಾಕಿಲ್ಲ, ಇನ್ನ ಬೀದಿಯೋರ್ಗೆ ಎಲ್ಲಿಂದ ಬಂದಾತು? ಭಾನ್ವಾರ ಆ ಟವರ್‌ನೋರು ಬತ್ತಾರೆ. ಒರಳುಕಲ್ಲ ಕೊಟ್ಬುಡ್ತೀನಿ.’

ಟವರ್‌ನವರು ಹಳೆಯ ಒರಳುಗಳನ್ನು ಒಯ್ದು ಹುಲ್ಲುಹಾಸಿನ ಮೇಲೆ ಇಟ್ಟು ಅದರಲ್ಲಿ ನೀರು ಚಿಮ್ಮಿಸುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ನಮ್ಮ ಒರಳು ಅಜ್ಜಿಯ ಅತ್ತೆಯದು.

‘ಸುಮ್ನಿರಜ್ಜಿ’ ಎಂದು ಡಬ್ಬಿ ಹಿಡಿದು ಹೊರಟೆ.

ನಮ್ಮ ನಿಯಂತ್ರಣ ಕೋಣೆಯ ಒಳಗಿನ ಗಾಳಿ ಸೋಸಿದ ಗಾಳಿ. ಕಂಬಗಳ ಮಂಜು ಒಳಗೆ ಬರದಂತೆ ಎರಡು ಬಾಗಿಲು. ಅಳತೆ ಮಾಡುವವರ ಮೂಗು ಕೆಡಬಾರದಲ್ಲ! ಅಲ್ಲಿ ತಿನ್ನುವಂತಿಲ್ಲ. ಆದರೆ ಅವತ್ತು ಹೊರಗೆ ಹೋಗಲು ಮನಸ್ಸಾಗದೆ, ಪರದೆಯ ಮುಂದೆಯೇ ಡಬ್ಬಿಯ ಮುಚ್ಚಳ ತೆಗೆದೆ.

ಏನೆಂದು ಹೇಳಲಿ! ಬೆಂದ ಹುರುಳಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಹುಣಿಸೆ, ಎಲ್ಲವೂ ಒಟ್ಟಿಗೆ ಎದ್ದು ನಿಂತವು. ನಾನು ಲಂಗ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದೇನೆ, ಪಕ್ಕದಲ್ಲಿ ಮುಮ್ತಾಜ್ ಬೀ ಗೂಡು ಆರಿಸುತ್ತಿದ್ದಾಳೆ, ಬಟ್ಟಲಿನ ತಟ್ಟೆ ಆವಿಗೆ ಸಣ್ಣಗೆ ಅಲುಗುತ್ತಿದೆ.

‘ಯಾರಮ್ಮಾ ಅದು, ಬಸ್ಸಾರು?’

ನಮ್ಮ ಮೇಲಧಿಕಾರಿ ತಿಪ್ಪೇಸ್ವಾಮಿ ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದು ನಿಂತಿದ್ದರು. ಚಿತ್ರದುರ್ಗದ ಕಡೆಯವರು, ನಗುವುದು ಅಪರೂಪ. ನಿಯಮ ಮುರಿದಿದ್ದಕ್ಕೆ ಬೈಯುತ್ತಾರೆಂದು ಮುಚ್ಚಳ ಹಾಕಹೋದೆ. ‘ಹಾಕಬ್ಯಾಡ, ಹಾಕಬ್ಯಾಡ. ಇನ್ನೊಂದ್ ಸಲ ಎಳಕೊಳ್ತೀನಿ ತಡಿ’ ಎಂದರು.

ಅಂದರೆ ಅಜ್ಜಿಯ ಕೈ ಸತ್ತಿರಲಿಲ್ಲ.

ನಾನು ತಿರುಗಿ ನಮ್ಮ ಬೀದಿಯ ಕಂಬವನ್ನು ಪರದೆಯ ಮೇಲೆ ತೆರೆದೆ. ಕಂಬ ತಾನೇ ಕಲಿಯುತ್ತದೆ. ನಿವಾಸಿಗಳು ಗಾಳಿಯಲ್ಲಿ ಏನಾದರೂ ಹಿಡಿಸದಿದ್ದರೆ ಫೋನಿನಲ್ಲಿ ಒತ್ತುತ್ತಾರೆ. ಹೆಚ್ಚು ಮನೆಗಳಿಗೆ ಹಿಡಿಸದ್ದನ್ನು ಕಂಬ ಮುಚ್ಚುತ್ತದೆ. ಮೊದಲು ಗೂಡಿನ ವಾಸನೆ ಇತ್ತು. ಜನ ಬದಲಾದಂತೆ ಬೇರೆಯವು ಸೇರಿಕೊಂಡಿದ್ದವು: ಬೀಡಿ, ಹಸುವಿನ ಗಂಜಲ, ಸಾಸಿವೆ ಎಣ್ಣೆಯ ಮೀನು, ಇಂಗು, ಸಾಂಬ್ರಾಣಿ. ಪ್ರತಿಯೊಂದೂ ಯಾರೋ ಕೆಲವರ ಮನೆಯದು, ಮಿಕ್ಕವರಿಗೆ ಹೊಸದು. ಎಲ್ಲರೂ ಒಪ್ಪಿದ ಒಂದಿಷ್ಟು ಕಾಫಿ, ಒಂದಿಷ್ಟು ಒದ್ದೆ ಮಣ್ಣು ಮಾತ್ರ ಉಳಿದಿದ್ದವು. ನಡುವೆ ಒಂದು ಕಡೆ ಬರೆದಿತ್ತು: ‘ಬೆಂದ ಹುರುಳಿ, ಬೆಳ್ಳುಳ್ಳಿ. ಈ ಪ್ರದೇಶಕ್ಕೆ ಅಪರಿಚಿತ.’

ಯಾರೂ ದ್ವೇಷದಿಂದ ಮಾಡಿದ್ದಲ್ಲ. ಒತ್ತಿದವರಿಗೆ ಅದು ಯಾವುದರ ವಾಸನೆ ಎಂದೂ ಗೊತ್ತಿರಲಾರದು. ಆದರೂ ‘ಅಪರಿಚಿತ’ ಎಂಬ ಆ ಮಾತನ್ನು ನೋಡುತ್ತಾ ನಾನು ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ.

ಸಂಜೆ ಓಡಿಕೊಂಡು ಬಂದು ಅಜ್ಜಿಗೆ ಹೇಳಿದೆ. ಅವಳು ಕೇಳಿದಳು, ಪೂರ್ತಿ ಕೇಳಿದಳು. ಆಮೇಲೆ ಮುಖ ಗಂಟು ಹಾಕಿದಳು.

‘ಬಿಡ್ತು ಅನ್ನು! ಮೆಟ್ಲ ಮ್ಯಾಲೆ ಕುಂತು ತಂದ ಕಂಬ ಅದು. ನನ್ ಕಂಬ ನಂಗೇ ಕೇಡು ಬಗೀತದಾ? ಕೈಲಾಗ್ದಿದ್ರೆ ಕೈಲಾಗ್ನಿಲ್ಲ ಅನ್ಬೇಕು. ಕಂಬದ್ ಮ್ಯಾಕೆ ಯಾಕ್ ಹಾಕ್ತೀಯೆ?’

‘ಆಫೀಸಲ್ಲಿ ನಮ್ ಸಾಹೇಬ್ರೇ ಎದ್ದು ಬಂದ್ರು ಅಜ್ಜಿ!’

‘ನಿನ್ ಮನ್ಸಿಗೆ ಹಂಗನ್ಸದೆ. ಅಜ್ಜಿ ನೊಂದ್ಕತಳೆ ಅಂತ. ಗಾಳಿಯಮ್ಮ ಒಬ್ರನ್ನ ಕಳ್ಸಲಿ, ಒಪ್ಕೋತೀನಿ.’

ಒಬ್ಬರು ಸಾಕಿತ್ತು. ಆದರೆ ಆ ಮಂಜಿನೊಳಗೆ ಒಬ್ಬರು ಬರುವುದು ಹೇಗೆ? ಮರುದಿನ ತಿಪ್ಪೇಸ್ವಾಮಿಯವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಕಂಬ ಕಲಿತದ್ದನ್ನು ಅಳಿಸಲು ಬಡಾವಣೆಯ ಅರ್ಧಕ್ಕಿಂತ ಹೆಚ್ಚು ಮನೆಗಳ ಒಪ್ಪಿಗೆ ಬೇಕು, ಅದು ತಮ್ಮ ಕೈಲಿಲ್ಲ ಎಂದರು. ಸ್ವಲ್ಪ ಯೋಚಿಸಿ, ‘ಒಬ್ರು ಬಂದ್ರೆ ಸಾಕು ಅಂದ್ರೇನು ನಿಮ್ಮಜ್ಜಿ? ನಾನೇ ಬರ್ತೀನಿ ಬಿಡು’ ಎಂದರು. ಸಾರಿನ ಆಸೆ ಅವರ ಕಣ್ಣಲ್ಲೇ ಕಾಣುತ್ತಿತ್ತು.

ಗುರುವಾರ ಮಧ್ಯಾಹ್ನ ಅವರು ಗೇಟು ತೆರೆದು, ಚಪ್ಪಲಿ ಬಿಟ್ಟು, ನೇರವಾಗಿ ನಡುಮನೆಗೆ ಬಂದು, ನಾಟಕದವರ ಹಾಗೆ ಎದೆ ತುಂಬ ಉಸಿರೆಳೆದುಕೊಂಡರು.

‘ಆಹಾಹಾ! ಏನು ಘಮ ಅಮ್ಮಾ! ಆ ಮೂಲೆ ತಿರುಗ್ತಿದ್ದಂಗೆ ಮೂಗಿಗೆ ಬಡೀತು. ಹುರುಳಿ ಬಸ್ಸಾರಲ್ವಾ?’

ಅಜ್ಜಿ ಹಾಸಿಗೆಯ ಮೇಲೆ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ನಿಲ್ಲಿಸಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು.

‘ಸೋಮ್ವಾರದಿಂದ ಒಲೇನೇ ಹಚ್ಚಿಲ್ಲ ಕಣಪ್ಪ ನಾನು.’

ನಾನು ಗೋಡೆಯ ಕಡೆ ತಿರುಗಿಕೊಂಡೆ. ಒಲೆ ಹಚ್ಚಿಸುವುದನ್ನೇ ಮರೆತಿದ್ದೆ! ತಿಪ್ಪೇಸ್ವಾಮಿಯವರ ಕಿವಿ ಕೆಂಪಾದವು. ಅಜ್ಜಿ ಮೊದಲು ತುಟಿ ಬಿಗಿ ಹಿಡಿದಳು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದು.

‘ಕೂತ್ಕೊ ಸ್ವಾಮಿ, ಮಜ್ಜಿಗೆ ಕೊಡ್ತೀನಿ. ಇವ್ಳ ಮಾತ್ ಕಟ್ಕೊಂಡು ಯಾಕ್ ಬಂದೆ? ವಾಸ್ನೆ ಹಿಡ್ಕಂಡ್ ಬರೋರು ಹಿಂಗೆ ಬರಾಕಿಲ್ಲ. ಗೇಟ್ ತಾವ ನಿಂತ್ಕೋತಾರೆ, ಒಳೀಕ್ ಬರಾಕಿಲ್ಲ. ನಾಚ್ಕೆ. ವಾಸ್ನೆ ಬಂತು ಅಂತ ಸತ್ರೂ ಅನ್ನಾಕಿಲ್ಲ. ಬೆಂಕಿಪೊಟ್ಣ ಐತಾ, ನಲ್ಲೀಲಿ ನೀರ್ ಬಂತಾ, ನಮ್ ಕೋಳಿ ಇತ್ಲಾಗ್ ಬಂತಾ, ಏನಾರ ಒಂದು ಸುಳ್ ಹೇಳ್ಕಂಡೇ ಬರೋದು. ಮುಮ್ತಾಜು ಮೊದಲ್ನೇ ಸಲ ಬಂದಾಗ ಟೇಮ್ ಎಷ್ಟು ಅಂತ ಕೇಳಿದ್ಲು. ಅವಳ್ ಮನೇಲೇ ಗಡಿಯಾರ ಇತ್ತು, ನಮ್ಮನೇಲಿ ಇರ್ನಿಲ್ಲ.’

ಮಜ್ಜಿಗೆ ಕುಡಿದು ಹೊರಡುವಾಗ ತಿಪ್ಪೇಸ್ವಾಮಿ ಜಗಲಿಯ ಮೇಲಿದ್ದ ಖಾಲಿ ಬಟ್ಟಲನ್ನು ನೋಡುತ್ತಾ ನಿಂತರು. ಗೇಟಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

‘ನಿಮ್ಮ ಬೀದಿ ಕಂಬದ ಪೊರೆ ತೊಳೀಬೇಕಾಗೈತೆ. ಜನ ಮಲಗಿದ ಮ್ಯಾಲೆ ತೊಳಿಯೋದು ವಾಡಿಕೆ. ಹಗಲಲ್ಲೇ ತೊಳೀಬಾರ್ದು ಅಂತ ಎಲ್ಲೂ ಬರೆದಿಲ್ಲ. ಬಿಸಿಲಲ್ಲಿ ಬೇಗ ಒಣಗ್ತಾವಲ್ಲ? ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಅದಕ್ಕೆ ಮೂಗಿರಲ್ಲ. ಬಯ್ಯೋರು ನನಗೇ ಬಯ್ಯಲಿ.’

ಭಾನುವಾರ ಬೆಳಿಗ್ಗೆ ಅಜ್ಜಿಯನ್ನು ಒಲೆಯ ಮುಂದೆ ತರುವುದೇ ದೊಡ್ಡ ಪಾಡಾಯಿತು. ಕಲ್ಲು ಒಯ್ಯುವವರು ಬರುತ್ತಾರೆಂದು ಅವಳು ಒರಳನ್ನು ತೊಳೆದು, ಅದರ ಅಂಚಿಗೆ ಅರಿಸಿನ ಹಚ್ಚಿ, ಮಗಳನ್ನು ಕಳಿಸಿಕೊಡುವವಳಂತೆ ಬಾಗಿಲಲ್ಲಿ ಕೂತಿದ್ದಳು. ‘ನಂಗಾಗಾಕಿಲ್ಲ’ ಎಂಬುದೊಂದೇ ಮಾತು.

‘ಆಯ್ತು, ನಾನೇ ಮಾಡ್ತೀನಿ’ ಎಂದು ಒಳಗೆ ಹೋದೆ. ನಿಜಕ್ಕೂ ನನಗೆ ಬರುತ್ತಿರಲಿಲ್ಲ. ಹುರುಳಿ ಬೇಯುತ್ತಿದ್ದ ಹಾಗೆಯೇ ಅದರ ನೀರಿಗೆ ಖಾರದಪುಡಿ ಸುರಿದೆ. ಬೆಳ್ಳುಳ್ಳಿ ಬಾಣಲೆಯಲ್ಲಿ ಕಪ್ಪಾಯಿತು. ಹೊಗೆ ಎದ್ದಿತು.

‘ಏನೇ ಅದು, ಮನೆ ಸುಡ್ತಿದ್ದೀಯಾ?’ ಅಜ್ಜಿ ಎದ್ದು ಬಂದು ಪಾತ್ರೆಯೊಳಗೆ ಇಣುಕಿದಳು. ‘ಅಯ್ಯೋ ನಿನ್ ಮನೆ ಕಾಯ್ವಾಗ! ಕಟ್ಟು ಬಸೀದೆ ಬಸ್ಸಾರೇನೆ? ಕಲ್ಗಚ್ಚು ಕಣೆ ಇದು, ಎಮ್ಮೇನೂ ಮೂಸಾಕಿಲ್ಲ. ಸರ್ಕೊ ಅತ್ಲಾಗಿ!’

ನಾನು ಸರಿದುಕೊಂಡೆ. ಅವಳು ಹೊಸದಾಗಿ ಹುರುಳಿ ಇಟ್ಟಳು. ಬೆಂದ ಮೇಲೆ ಕಟ್ಟು ಬಸಿದಳು. ಈರುಳ್ಳಿಯನ್ನು ಕೆಂಡದಂತೆ ಕೆಂಪಗೆ ಸುಟ್ಟಳು. ಮಿಕ್ಸಿಯ ಕಡೆ ಕೈ ಹೋಗಿ, ವಾಪಸು ಬಂತು. ಒಂದು ಗಳಿಗೆ ನಿಂತು, ಬಾಗಿಲಲ್ಲಿದ್ದ ಆ ತೊಳೆದ ಒರಳಿನ ಮುಂದೆ ಹೋಗಿ ಕಾಲು ಚಾಚಿ ಕೂತಳು. ಗುಂಡುಕಲ್ಲು ಉರುಳುವ ಸದ್ದು ಶುರುವಾಯಿತು.

ಹೊರಗೆ ನಮ್ಮವರು ಏಣಿ ಹಾಕಿ ಕಂಬದ ತುದಿಯ ಪೊರೆಗಳನ್ನು ಬಿಚ್ಚುತ್ತಿದ್ದರು. ಕೊನೆಯ ಮಂಜು ಆರಿತು.

ಮೊದಲು ಬಂದದ್ದು ಚರಂಡಿಯ ವಾಸನೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಯಾರದೋ ಸಾಂಬ್ರಾಣಿ. ಒಣಹಾಕಿದ ಬಟ್ಟೆಯ ಸೋಪು. ನಾಯಿ. ಟವರಿನ ಯಾವುದೋ ಅಂತಸ್ತಿನಿಂದ ಸಾಸಿವೆ ಎಣ್ಣೆ, ಇನ್ನಾವುದೋ ಅಂತಸ್ತಿನಿಂದ ಇಂಗಿನ ಒಗ್ಗರಣೆ. ಬಾಲ್ಕನಿಗಳಿಗೆ ಜನ ಬಂದರು. ಕೆಲವರು ಮೂಗು ಮುಚ್ಚಿಕೊಂಡು ಫೋನು ತೆಗೆದರು. ಕೆಲವರು ಫೋನು ತೆಗೆಯುವುದನ್ನು ಮರೆತು, ಕತ್ತು ಮೇಲೆತ್ತಿ ಹಾಗೇ ನಿಂತರು.

ಅಜ್ಜಿಯ ಗುಂಡುಕಲ್ಲು ನಿಂತಿತು. ಅವಳು ಖಾರದ ಕೈಯಲ್ಲೇ ಎದ್ದು ಬೀದಿಗೆ ಬಂದು, ಕಂಬದ ಬುಡದಲ್ಲಿ ನಿಂತು ಗಾಳಿಯನ್ನು ಎಳೆದುಕೊಂಡಳು. ಒಂದು ಸಲ, ಇನ್ನೊಂದು ಸಲ. ಏನನ್ನೋ ಹುಡುಕುತ್ತಿದ್ದಳು.

‘ಗೂಡಿನ ವಾಸ್ನೆ ಇಲ್ಲ ಕಣೆ’ ಎಂದಳು.

‘ಎಲ್ಲಿಂದ ಬರ್ಬೇಕಜ್ಜಿ? ಗೂಡು ಬೇಯಿಸೋರೇ ಇಲ್ವಲ್ಲ.’

‘ಹೂಂ. ಗೊತ್ತು.’ ಅವಳು ಖಾಲಿ ಗಾಳಿಯ ಕಡೆ ನೋಡಿದಳು. ‘ಅದು ತೊಲಗ್ಲಿ ಅಂತ ಎಷ್ಟ್ ಹರಕೆ ಹೊತ್ತಿದ್ವಿ. ಇವತ್ತು ಒಂದ್ ಚೂರು ಬಂದಿದ್ರೆ ಆಗಿತ್ತು.’

ಅವಳಿಗೆ ನಾನು ಒಂದು ವಿಷಯ ಹೇಳಿದೆ. ಕಂಬ ಯಾವ ವಾಸನೆಯನ್ನು ಮುಚ್ಚಬೇಕೋ ಅದನ್ನು ಒಳಗೆ ಬರೆದಿಟ್ಟುಕೊಂಡಿರಲೇಬೇಕು, ಇಲ್ಲದಿದ್ದರೆ ಗುರುತು ಹಿಡಿಯಲಾರದು. ಗೂಡು ಬೇಯುವುದು ನಿಂತು ಎಷ್ಟೋ ಕಾಲವಾದರೂ, ಕಂಬದೊಳಗೆ ಎಲ್ಲಕ್ಕಿಂತ ಮೊದಲಿಗೆ ಇರುವುದು ಅದೇ. ಅಜ್ಜಿ ಕಂಬವನ್ನು ಅಂಗೈಯಿಂದ ಮುಟ್ಟಿದಳು. ಖಾರದ ಗುರುತು ಅದರ ಮೇಲೆ ಉಳಿಯಿತು. ‘ಮಡಿಕ್ಕಂಡೈತಾ?’ ಎಂದಳು. ‘ಮಡಿಕ್ಕಂಡಿರ್ಲಿ ಬುಡು.’

ಸಾರು ಕುದಿಯಿತು. ಮೊದಲ ಸೌಟು ಬಟ್ಟಲಿಗೆ ಹೋಯಿತು. ತಟ್ಟೆ ಮುಚ್ಚಿ ಜಗಲಿಯ ಮೇಲಿಟ್ಟು ಇಬ್ಬರೂ ಒಳಗೆ ಬಂದು ಕೂತೆವು. ಗಾಡಿಯ ಸದ್ದಾಯಿತು. ಟವರಿನ ಕಲ್ಲು ಒಯ್ಯುವವರು. ಗೇಟಿನಲ್ಲಿ ಇಬ್ಬರು ಆಳುಗಳು, ಹಗ್ಗ ಹಿಡಿದುಕೊಂಡು.

‘ಅಮ್ಮಾ, ಕಲ್ಲು ತಗೊಂಡೋಗಕ್ಕೆ ಬಂದಿದ್ದೀವಿ.’

ಅಜ್ಜಿ ನಿಧಾನವಾಗಿ ಎದ್ದಳು. ಬಾಗಿಲಿಗೆ ಹೋದಳು. ಆಗಲೇ ಆ ಆಳುಗಳ ಹಿಂದೆ, ಬೀದಿಯ ಆಚೆ ಬದಿಯಲ್ಲಿ, ಒಬ್ಬ ಹುಡುಗಿ ನಿಂತಿರುವುದು ಕಂಡಿತು. ನನ್ನ ವಯಸ್ಸಿನವಳು. ಮನೆಯಲ್ಲಿ ಹಾಕುವ ಸಡಿಲ ಬಟ್ಟೆ, ಕಾಲಿಗೆ ಒಂದೊಂದು ಬಣ್ಣದ ಚಪ್ಪಲಿ. ರಸ್ತೆ ದಾಟಿದಳು. ಗೇಟಿನ ಹತ್ತಿರ ಬಂದಳು. ಒಳಗೆ ಬರಲಿಲ್ಲ. ಕಂಬಿಯನ್ನು ಬೆರಳಿಂದ ಸವರುತ್ತಾ, ತಲೆ ತಗ್ಗಿಸಿ, ತಡವರಿಸುವ ಕನ್ನಡದಲ್ಲಿ ಕೇಳಿದಳು:

‘ಆಂಟಿ... ನಿಮ್ಮ ಮನೆ ಕರೆಂಟ್ ಇದೆಯಾ?’

ಅವಳ ಬೆನ್ನ ಹಿಂದೆ ಟವರಿನ ಲಿಫ್ಟು ಮೇಲಕ್ಕೆ ಕೆಳಕ್ಕೆ ಓಡಾಡುತ್ತಿತ್ತು. ಗೇಟಿನ ಮೇಲಿನ ಬಣ್ಣದ ದೀಪಗಳು ಹಗಲಲ್ಲೂ ಉರಿಯುತ್ತಿದ್ದವು.

ಅಜ್ಜಿ ನನ್ನ ಕಡೆ ತಿರುಗಲಿಲ್ಲ. ಆದರೆ ಅವಳ ಕೈ ಹಿಂದಕ್ಕೆ ಬಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು, ಗಟ್ಟಿಯಾಗಿ.

‘ಐತೆ ಕಣವ್ವ, ಕರೆಂಟೈತೆ’ ಎಂದಳು. ಆಮೇಲೆ ಆಳುಗಳಿಗೆ, ‘ಕಲ್ಲು ಇನ್ನೂ ಕೆಲ್ಸದಲ್ಲೈತೆ ಕಣ್ರಪ್ಪ. ನೋಡ್ರಿ, ಖಾರ ಅಂಗೇ ಐತೆ. ಹೋಗ್ಬನ್ನಿ. ಇಲ್ಲ, ನೀವೂ ಕುಂತ್ಕೊಳಿ, ಒಂದೊಂದ್ ಮುದ್ದೆ ಉಣ್ಣೀರಂತೆ.’

ಆಳುಗಳು ಮುಖ ಮುಖ ನೋಡಿಕೊಂಡು ಹಗ್ಗವನ್ನು ಕೆಳಗಿಟ್ಟರು.

ಹುಡುಗಿಯ ಹೆಸರು ಮಧುಸ್ಮಿತಾ. ಒಡಿಶಾದವಳು. ಎರಡು ವರ್ಷದಿಂದ ಎದುರಿನ ಟವರಿನಲ್ಲಿದ್ದಾಳೆ, ಈ ಬದಿಯಲ್ಲಿ ಒಂದು ಅಡಿಗೆಮನೆ ಇದೆಯೆಂದೇ ಗೊತ್ತಿರಲಿಲ್ಲವಂತೆ. ಜಗಲಿಯ ಮೇಲೆ ಕೂತು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ‘ನಮ್ಮ ಊರಲ್ಲಿ ಈ ಕಾಳು ಕೋಳಥ’ ಎಂದಳು. ‘ಮಳೇಲಿ, ಜ್ವರ ಬಂದಾಗ, ನನ್ನ ಆಯೀ ಮಾಡ್ತಿದ್ರು. ಅಮ್ಮನ ಅಮ್ಮ. ಈಗ ಇಲ್ಲ.’ ಅಜ್ಜಿ ಇನ್ನೊಂದು ಸೌಟು ಬಡಿಸಿ, ಬಟ್ಟಲ ಸಮೇತ ಮನೆಗೆ ಕಳಿಸಿಕೊಟ್ಟಳು. ಟವರ್ ಎಂದರೆ ಅವಳಿಗೆ ಇಷ್ಟು ದಿನ ಒಂದು ಗೋಡೆಯಾಗಿತ್ತು. ಅದರೊಳಗೂ ಅಜ್ಜಿಯನ್ನು ಕಳೆದುಕೊಂಡ ಮೊಮ್ಮಕ್ಕಳಿದ್ದಾರೆ ಎಂದು ಅವತ್ತು ಗೊತ್ತಾದಂತಿತ್ತು.

ಮಧ್ಯಾಹ್ನ ಕಂಬಕ್ಕೆ ಮೂಗು ವಾಪಸು ಬಂತು. ಮಂಜು ಇಳಿಯಿತು. ನಮ್ಮ ಮನೆಯ ಸಾರು ಮತ್ತೆ ಅಪರಿಚಿತವಾಯಿತು. ಗಾಳಿಕೇಂದ್ರಕ್ಕೆ ಬಂದ ದೂರುಗಳಿಗೆ ತಿಪ್ಪೇಸ್ವಾಮಿ ಒಬ್ಬರೇ ಕೂತು ಉತ್ತರ ಕೊಟ್ಟರು. ಆದರೆ ದೂರಿನ ನಡುನಡುವೆ ಬೇರೆಯವೂ ಇದ್ದವಂತೆ: ಬೆಳಿಗ್ಗೆ ಬಂದ ಆ ವಾಸನೆ ಏನು, ಎಲ್ಲಿಂದ ಬಂತು, ಇನ್ನೊಮ್ಮೆ ಯಾವಾಗ?

ಶುಕ್ರವಾರ ಅಜ್ಜಿ ಎಂದಿನಂತೆ ದಾಸವಾಳ ಕೊಯ್ದುಕೊಂಡು ಹೊರಟಳು. ನಾನು ತಡೆಯದೆ ಕೇಳಿದೆ, ‘ಅದಕ್ಕೆ ಇನ್ನೂ ಹೂವಾ?’

‘ನಮ್ ಗೂಡಿನ ವಾಸ್ನೆ ಮಡಿಕ್ಕಂಡಿರೋದು ಈಗ ಅದೊಂದೇ ಅಲ್ವಾ’ ಎಂದಳು. ಹೂವಿಟ್ಟು, ಕಂಬವನ್ನು ಮೇಲಿನವರೆಗೂ ನೋಡಿ, ಗುಟ್ಟು ಹೇಳುವವಳಂತೆ ನನ್ನ ಕಿವಿಗೆ ಬಾಗಿದಳು. ‘ನಿಮ್ ಸ್ವಾಮಿಗೆ ಹೇಳು. ಆಗಾಗ ಇದ್ಕೊಂದು ನೆಗಡಿ ಬರ್ಸಕ್ಕಾಗ್ತದಾ ಕೇಳು.’

ಅಂದು ಮಧ್ಯಾಹ್ನ ಸಾರು ಇಳಿಸಿದಾಗ ಬೀದಿಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಮೂಗುಕಂಬ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಆದರೂ ಗೇಟಿನಲ್ಲಿ ಮಧುಸ್ಮಿತಾ ನಿಂತಿದ್ದಳು, ಕೈಯಲ್ಲಿ ನಮ್ಮ ಹಿತ್ತಾಳೆ ಬಟ್ಟಲು. ಬಟ್ಟಲಿನಲ್ಲಿ ಬಾಳೆಲೆಯಲ್ಲಿ ಸುತ್ತಿದ ಏನೋ ಇತ್ತು. ಒಳಗೆ ಬರಲಿಲ್ಲ. ಕಂಬಿಯನ್ನು ಸವರುತ್ತಾ ಕೇಳಿದಳು:

‘ಆಂಟಿ, ಟೈಮ್ ಎಷ್ಟು?’

ಅವಳ ಮಣಿಕಟ್ಟಿನಲ್ಲಿ ಗಡಿಯಾರ ಹೊಳೆಯುತ್ತಿತ್ತು.

ಅಜ್ಜಿ ಜಗಲಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

‘ಉಣ್ಣೋ ಹೊತ್ತು ಕಣವ್ವ. ಬಾ.’